ಹೂವಾಗುವ ಮುನ್ನವೇ ಕೀಳಿ

ಕೇಳುಗರಿಗೆ ನಮಸ್ಕಾರ. ಮುಂಗಾರಿನ ನಾಲ್ಕು ಹದಮಳೆ ಬಿದ್ದರೆ ಸಾಕು, ಹಿತ್ತಲಿನಲ್ಲಿ ಅಣ್ಣೆಸೊಪ್ಪು, ತಗಚೆ, ಉತ್ತರಾಣಿ, ಕಾಂಗ್ರೆಸ್ ಗಿಡಗಳೆಲ್ಲ ನಾವು ನೆಟ್ಟ ಬದನೆ, ಮೆಣಸಿನ ಗಿಡಗಳಿಗಿಂತ ಸೊಂಪಾಗಿ ಎದ್ದು ನಿಲ್ಲುತ್ತವೆ. ಅವನ್ನು ಕಿತ್ತು ಬೇಲಿಯಾಚೆ ಎಸೆದವರೇ ಮರುದಿನ ಪೇಟೆಗೆ ಹೋಗಿ ಬಾಟಲಿಯ ಗೊಬ್ಬರವನ್ನು ದುಡ್ಡು ಕೊಟ್ಟು ತರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕಳೆಯು ನಿಮ್ಮ ಮಣ್ಣಿನಿಂದಲೇ ಹೀರಿಕೊಂಡ ಸಾರಜನಕ ಮತ್ತು ಪೊಟ್ಯಾಷ್ ಅದರ ಎಲೆಯಲ್ಲಿವೆ. ನೀರಿನಲ್ಲಿ ಕೊಳೆಸಿದರೆ ಅವು ನಿಮ್ಮ ಗಿಡಕ್ಕೆ ಮರಳುತ್ತವೆ. ನಾನಿಂದು ಒತ್ತಿ ಹೇಳುವುದು ಒಂದೇ ಮಾತು: ಕಳೆಯನ್ನು ಹೂವಾಗುವ ಮುನ್ನವೇ ಕೀಳಬೇಕು.

ಇದನ್ನು ನಾನು ಕಲಿತದ್ದು ನನ್ನದೇ ಮೆಣಸಿನ ಪಾತಿಯಲ್ಲಿ. ವರ್ಷಗಳ ಹಿಂದೆ, ದಸರೆಯ ರಜೆಯಲ್ಲಿ, ತೆನೆ ತೂಗುತ್ತಿದ್ದ ಅಣ್ಣೆಸೊಪ್ಪನ್ನೆಲ್ಲ ಕಿತ್ತು ಡ್ರಮ್ಮಿಗೆ ತುಂಬಿ ನೀರು ಹಾಕಿದೆ. ದೀಪಾವಳಿಯ ಹೊತ್ತಿಗೆ, ಸೋಸುವ ತಾಳ್ಮೆಯೂ ಇಲ್ಲದೆ, ಆ ನೀರನ್ನು ಸಾಲುಗಳಿಗೆ ಚೊಂಬಿನಲ್ಲಿ ಎರೆದು ಬೀಗಿದೆ. ಕಾರ್ತಿಕ ಮುಗಿಯುವ ವೇಳೆಗೆ ತಿಪಟೂರಿನಿಂದ ಬಂದ ಅಕ್ಕ, ಹಿತ್ತಲಿಗೆ ಹೋದವರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ನೋಡಿದರು. ಮೆಣಸಿನ ಬುಡದ ತುಂಬ ಅಣ್ಣೆಯ ಮೊಳಕೆಗಳು ರಾಗಿಯ ಒಟ್ಟಲಿನಂತೆ ಒತ್ತೊತ್ತಾಗಿ ಎದ್ದಿದ್ದವು. “ತಮ್ಮಾ, ನೀನು ಗೊಬ್ಬರ ಹಾಕಿದೆಯೋ, ಬಿತ್ತನೆ ಮಾಡಿದೆಯೋ?” ಎಂದು ಕೇಳಿ, ಸಂಜೆಯವರೆಗೆ ಪಕ್ಕದಲ್ಲೇ ಕುಳಿತು ಒಂದೊಂದನ್ನೂ ನನ್ನ ಕೈಯಿಂದಲೇ ಕೀಳಿಸಿದರು. ತಿಪ್ಪೆಯಲ್ಲಾದರೆ ಒಳಗಿನ ಕಾವಿಗೆ ಬೀಜ ಸಾಯುತ್ತದೆ. ಡ್ರಮ್ಮಿನ ತಣ್ಣೀರಿನಲ್ಲಿ ಆ ಕಾವು ಹುಟ್ಟುವುದೇ ಇಲ್ಲ. ಒಂದೇ ಒಂದು ಕಾಂಗ್ರೆಸ್ ಗಿಡ 10,000ಕ್ಕೂ ಮೀರಿ ಬೀಜ ಉದುರಿಸಬಲ್ಲದು ಎಂಬುದನ್ನು ನೆನೆದರೆ, ಹೂವಾಗುವ ಮುನ್ನವೇ ಕೀಳಿರೆಂದು ನಾನೇಕೆ ಇಷ್ಟು ಹಟ ಹಿಡಿದಿದ್ದೇನೆಂದು ತಿಳಿದೀತು. ಎಳೆಯ ಗಿಡದಲ್ಲಿ ನಾರು ಕಡಿಮೆ, ಆದ್ದರಿಂದ ಬೇಗ ಕೊಳೆಯುತ್ತದೆ. ಬಲಿತ ಗಿಡವು ತನ್ನ ಸಾರವನ್ನು ಬೀಜಕ್ಕೆ ಸಾಗಿಸಿ ನಿಮಗೆ ಕಡ್ಡಿಯನ್ನು ಉಳಿಸುತ್ತದೆ.

ನನಗೆ ಕೊಟ್ಟ ವೇಳೆಯನ್ನು ಅಕ್ಕನೇ ತೆಗೆದುಕೊಂಡರು. ಉಳಿದದ್ದನ್ನು ಬೇಗ ಹೇಳುತ್ತೇನೆ. 50 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 5 ಕಿಲೋ ಎಳೆಯ ಕಳೆಯನ್ನು ಕೊಚ್ಚಿ ಹಾಕಿ, 40 ಲೀಟರ್ ನೀರು, ಅರ್ಧ ಕಿಲೋ ಬೆಲ್ಲ, ಎರಡು ಬೊಗಸೆ ಸಗಣಿ ಸೇರಿಸಿ, ನೆರಳಿನಲ್ಲಿಟ್ಟು ಗೋಣಿತಟ್ಟು ಮುಚ್ಚಿ. ಬಿಗಿಯಾದ ಮುಚ್ಚಳ ಬೇಡ, ಒಳಗೆ ಗಾಳಿ ಉಬ್ಬುತ್ತದೆ. ಕಾಂಗ್ರೆಸ್ ಗಿಡವನ್ನು ಬರಿಗೈಯಲ್ಲಿ ಮುಟ್ಟಬಾರದು, ಚರ್ಮ ತುರಿಸುತ್ತದೆ. ದಿನಕ್ಕೆರಡು ಬಾರಿ ಕೋಲಿನಿಂದ ಕಲಕಬೇಕು. ನಾತ ತಡೆಯಲಾಗದೆಂದು ದೂರುವವರು ಸಾಮಾನ್ಯವಾಗಿ ಕಲಕದವರೇ. ಮೂರು ವಾರದ ಬಳಿಕ ಬಟ್ಟೆಯಲ್ಲಿ ಸೋಸಿ, ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ, ಒದ್ದೆ ಮಣ್ಣಿನ ಮೇಲೆ ಸಂಜೆ ಎರೆಯಿರಿ. ಸಸಿಗಳಿಗಾದರೆ ಇಪ್ಪತ್ತು ಪಾಲು. ಹದಿನೈದು ದಿನಕ್ಕೊಮ್ಮೆ ಸಾಕು. ತಿನ್ನುವ ಸೊಪ್ಪಿನ ಎಲೆಗಳ ಮೇಲೆ ಚಿಮುಕಿಸಬೇಡಿ. ಉಳಿದ ಗಸಿಯನ್ನು ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಬಹುದು, ಅದೂ ನೀವು ಕಳೆಯನ್ನು ಹೂವಾಗುವ ಮುನ್ನವೇ ಕಿತ್ತಿದ್ದರೆ ಮಾತ್ರ. ನಮಸ್ಕಾರ.