ಕೋಳಿ ಮೇಷ್ಟ್ರ ಮಾತು

ಕೇಳುಗರಿಗೆಲ್ಲ ನಮಸ್ಕಾರ. ನಾನು ವೆಟರ್ನರಿ ಕಾಲೇಜಲ್ಲಿ ಮೇಷ್ಟ್ರು ಅಂದ ತಕ್ಷಣ ಜನ, ಸಾರ್ ನಮ್ಮ ಹಸು ಮೂರು ದಿನದಿಂದ ಮೇವು ಮುಟ್ತಿಲ್ಲ ಅಂತ ಶುರು ಮಾಡ್ತಾರೆ. ನನ್ನ ಕೆಲಸ ಶುರುವಾಗೋದೇ ಕೋಳಿ ಸತ್ತ ಮೇಲೆ ಕಣ್ರೀ ಅಂದ್ರೆ ಮುಖ ಮುಖ ನೋಡ್ತಾರೆ.

ಇಷ್ಟಪಟ್ಟು ಬಂದವನೇನಲ್ಲ. ಐದೂವರೆ ವರ್ಷದ ಪಶುವೈದ್ಯ ಡಿಗ್ರಿ ಬಿವಿಎಸ್ಸಿ ಮುಗಿಸಿ, ಅದರ ಮೇಲಿನ ಎಂವಿಎಸ್ಸಿ ಸೀಟಿಗೆ ನಿಂತಾಗ ಸರ್ಜರಿ, ಮೆಡಿಸಿನ್ ಎಲ್ಲ ಮುಂದಿನ ರ‍್ಯಾಂಕಿನವರ ಪಾಲಾಯ್ತು, ನನಗೆ ಉಳಿದಿದ್ದು ಲೈವ್‌ಸ್ಟಾಕ್ ಪ್ರಾಡಕ್ಟ್ಸ್ ಟೆಕ್ನಾಲಜಿ, ಅಂದ್ರೆ ಮಾಂಸ, ಹಾಲು ಇಂಥವುಗಳ ವಿಷಯ. ಮೊದಲನೇ ಪ್ರಾಕ್ಟಿಕಲ್‌ನಲ್ಲೇ ಕೋಳಿ ಹೊಟ್ಟೆ ಕೊಯ್ಯುವಾಗ ಕರುಳಿಗೇ ಚಾಕು ತಾಗಿಸಿಬಿಟ್ಟೆ, ಒಳಗಿದ್ದದ್ದೆಲ್ಲ ಮಾಂಸದ ಮೇಲೆ. ಕೊಯ್ಯೋಕೆ ಮುಂಚೆ ಎಂಟು ಹತ್ತು ಗಂಟೆ ಕೋಳಿಗೆ ಬರೀ ನೀರು ಕೊಟ್ಟು ಮೇವು ನಿಲ್ಲಿಸಬೇಕು ಅನ್ನೋದು ಯಾಕೆ ಅಂತ ಆವತ್ತು ಗೊತ್ತಾಯ್ತು, ಆ ವಾಸನೆ ಜೊತೆಗೇ.

ಪಿಎಚ್‌ಡಿ ಪೂರ್ತಿ ಕೋಳಿ ಅಲ್ಲಾಡಿಸಿದ್ದೇ, ಅದರ ಮೇಲೆ ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಇದೆಯಾ ಅಂತ ಹುಡುಕೋಕೆ. ತಮಾಷೆಯಲ್ಲ, ಕೊಯ್ದ ಇಡೀ ಕೋಳಿನ ದೊಡ್ಡ ಚೀಲಕ್ಕೆ ಹಾಕಿ, ಬ್ಯಾಕ್ಟೀರಿಯಾಕ್ಕೆ ಊಟವಾಗೋ ಪೆಪ್ಟೋನ್ ನೀರು 400 ಎಂಎಲ್ ಸುರಿದು, ಬಾಯಿ ಬಿಗಿಹಿಡ್ಕೊಂಡು ಒಂದು ನಿಮಿಷ ಕುಲುಕಬೇಕು, ಹತ್ತು ಕೋಳಿ ಆಗೋಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತೆ. ಆ ನೀರನ್ನ 37 ಡಿಗ್ರೀಲಿ ರಾತ್ರಿಯೆಲ್ಲ ಇಟ್ಟು, ಮರುದಿನ ಇನ್ನೊಂದು ಬ್ರಾತ್‌ಗೆ, ಅಂದ್ರೆ ಅಂಥದ್ದೇ ಸತ್ವದ ದ್ರವಕ್ಕೆ, ಅಲ್ಲಿಂದ ಬ್ಯಾಕ್ಟೀರಿಯಾ ಬೆಳೆಸೋ ಕೆಂಪು ಪ್ಲೇಟಿಗೆ. ಮೂರನೇ ದಿನವೋ ನಾಲ್ಕನೇ ದಿನವೋ ಪ್ಲೇಟ್ ಮೇಲೆ ನಟ್ಟನಡುವೆ ಕಪ್ಪಿರೋ ಚುಕ್ಕಿಗಳು ಎದ್ದಿದ್ರೆ ಸಾಲ್ಮೊನೆಲ್ಲಾ ಅಂತ ಅನುಮಾನ, ಖಾತ್ರಿಗೆ ಮತ್ತೆ ಟೆಸ್ಟು. ಹೆಸರು ಕೇಳಿ ಹುಡುಗ್ರು ಸಾಲ್ಮನ್ ಮೀನು ಅಂದ್ಕೋತಾರೆ, ಅದಲ್ಲ, ಡೇನಿಯಲ್ ಸಾಲ್ಮನ್ ಅಂತ ಅಮೆರಿಕದ ಪಶುವೈದ್ಯ. 1885ರಲ್ಲಿ ಕೂತು ಕಂಡುಹಿಡಿದದ್ದು ಅವರ ಕೈಕೆಳಗಿದ್ದ ಥಿಯೊಬಾಲ್ಡ್ ಸ್ಮಿತ್, ಹೆಸರು ಉಳಿದಿದ್ದು ಸಾಹೇಬರದ್ದು. ಪಿಎಚ್‌ಡಿ ಮಾಡ್ತಿರೋ ಮಕ್ಕಳಿಗೆ ಈ ಕಥೆ ಬಿಡಿಸಿ ಹೇಳೋದು ಬೇಕಿಲ್ಲ.

ಕ್ಲಾಸಲ್ಲಿ ಬೋರ್ಡ್ ಮೇಲೆ ಬರೀತೀನಿ, ಬ್ಯಾಕ್ಟೀರಿಯಾ ಹೆಚ್ಚದಂತೆ ಕೊಯ್ದ ಕೋಳಿನ ಬೇಗ 4 ಡಿಗ್ರಿಗೆ ಇಳಿಸಿ ಅಂತ. ಸಂಜೆ ನಮ್ಮ ಬೀದಿ ಅಂಗಡೀಲಿ ನೋಡಿದ್ರೆ, ಕೋಳಿ ಮೈ ಬಿಸೀನೇ 41 ಡಿಗ್ರಿ ಇರುತ್ತಲ್ಲ, ಆ ಬಿಸಿ ಆರೋದಿರಲಿ, ಕಪ್ಪು ಕವರಿಗೆ ಬಿದ್ದು ಸ್ಕೂಟರ್ ಹ್ಯಾಂಡಲ್‌ಗೆ ನೇತಾಡ್ಕೊಂಡು ಹೊರಟಿರುತ್ತೆ. ಫ್ರಿಜ್ ಇಡಪ್ಪಾ ಅಂದೆ ಅಂಗಡಿಯವನಿಗೆ. "ಇಟ್ಟಿದ್ದೆ ಸಾರ್, ಹಳೇದು ಅಂತ ಯಾರೂ ಮುಟ್ಲಿಲ್ಲ, ಕಣ್ಮುಂದೆ ಕೊಯ್ದ್ರೇ ನಂಬಿಕೆ ಅವರಿಗೆ" ಅಂದ. ನನ್ನ ರಿಸರ್ಚ್ ಪೇಪರ್‌ಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಕೋಳಿ ಕಡಿಯೋ ಮರದ ದಿಮ್ಮಿನ ದಿನಾ ರಾತ್ರಿ ಕುದಿಯೋ ನೀರಲ್ಲಿ ಉಜ್ಜೋದಕ್ಕೆ ಮಾತ್ರ ಒಪ್ಪಿಸಿ ಬಂದೆ, ಅದಕ್ಕೇ ಎರಡು ತಿಂಗಳು ಹಿಡೀತು.

ಮನೇಲಿ ಇನ್ನೂ ಕಷ್ಟ. ನಲ್ಲಿ ಕೆಳಗೆ ಕೋಳಿ ತೊಳೀಬೇಡ, ನೀರು ಸಿಡಿದು ಪಕ್ಕದಲ್ಲಿರೋ ಕೊತ್ತಂಬರಿ, ಸೌತೆಕಾಯಿ ಎಲ್ಲದಕ್ಕೂ ಹತ್ತುತ್ತೆ, ಸಾರು ಹೆಂಗೂ ಕುದಿಯುತ್ತೆ, ಒಳಗಿನ ಮಾಂಸ 74 ಡಿಗ್ರಿ ದಾಟಿದ್ರೆ ಸಾಲ್ಮೊನೆಲ್ಲಾ ಬದುಕಲ್ಲ, ಆದ್ರೆ ಕೋಸಂಬರಿ ಕುದಿಯಲ್ವಲ್ಲ ಅಂತ ಅವ್ವಂಗೆ ಹೇಳ್ದೆ. "ಇಷ್ಟು ವರ್ಷ ಓದಿದ್ದು ಕೋಳಿ ತೊಳೀಬೇಡ ಅಂತ ಹೇಳೋಕಾ ಮಗಾ" ಅಂದ್ಲು. ಈಗ್ಲೂ ತೊಳೀತಾಳೆ, ಆದ್ರೆ ಹಿತ್ತಲಲ್ಲಿ, ಪಾತ್ರೆಯೊಳಗೆ. ಸೌತೆಕಾಯಿ ಮಾತ್ರ ನಾನು ಅಡುಗೆಮನೇಲಿ ಹೆಚ್ಚಿಕೊಡ್ತೀನಿ.