ಮುಳುಗುವ ಮೊದಲು ಏಳುವ ದಾರಿ
(ಬಾಹ್ಯಾಕಾಶ ದಿನದಂದು ಮಂಡ್ಯದಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದನ್ನು ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದವರು. ಬೆಳಿಗ್ಗೆಯಿಂದ ಇಲ್ಲಿ ಮೇಲೆ ಹೋಗುವ ಮಾತೇ ನಡೆದಿದೆ. ನಾನು ನೀರಿನ ಕೆಳಗೆ ಹೋಗುವ ಮಾತು ಆಡುತ್ತೇನೆ.

ಕಂಪ್ಯೂಟರಿನಲ್ಲಿ ರಾಕೆಟ್ ಕಟ್ಟಿ ಹಾರಿಸುವ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಆಟ ನಿಮಗೆ ಹೊಸದಲ್ಲ. ಹಿಂದಿನ ಸಾಲಿನಲ್ಲಿ ಕೂತವರು ಇಡೀ ರಜೆ ಅದರಲ್ಲೇ ಕಳೆದವರು, ಅಲ್ವಾ? ಅದರಲ್ಲಿ ಜೂಲ್ ಅನ್ನೋ ಹಸಿರು ಗ್ರಹವಿದೆ. ಅದರ ಚಂದ್ರ ಲೇಥ್. ಲೇಥ್ ತುಂಬಾ ಸಮುದ್ರ, ಅಲ್ಲಲ್ಲಿ ದ್ವೀಪ. ನಮ್ಮ ಹುಡುಗರು ಒಂದು ಸಂಜೆ ಬಂದು, "ಸಾರ್, ಲೇಥ್ ಸಮುದ್ರದ ತಳ ಮುಟ್ಟಬೇಕು" ಅಂದರು. ಆವತ್ತಿನಿಂದ ನನಗೂ ಅದೇ ಗುಂಗು.

ಮೊದಲು ಆಟದ ಉಡಾವಣಾ ಕೇಂದ್ರದ ಪಕ್ಕದ ಸಮುದ್ರದಲ್ಲೇ ಪರೀಕ್ಷೆ ಮಾಡೋಣ ಅಂದೆ. ಖಾಲಿ ಟ್ಯಾಂಕು, ಕೆಳಗೆ ಚಕ್ರ, ಮುಂದೆ ದೀಪ. ನೀರಿಗೆ ಬಿಟ್ಟರು. ಬಾತುಕೋಳಿ ಹಾಗೆ ತೇಲಿತು. ಇಡೀ ಲ್ಯಾಬ್ ನಕ್ಕಿತು.

ನನಗೆ ನಮ್ಮ ಅಜ್ಜಿ ನೆನಪಾದರು. ಚಿಕ್ಕವನಿದ್ದಾಗ ಊರ ಬಾವಿಯಲ್ಲಿ ನೀರು ಸೇದೋ ಕೆಲಸ ನನ್ನದು. ಕೊಡ ಇಳಿಸ್ತೀನಿ, ಅದು ನೀರಿನ ಮೇಲೆ ನೆಟ್ಟಗೆ ಕೂತುಬಿಡುತ್ತೆ. ಹಗ್ಗ ಕುಣಿಸ್ತೀನಿ, ಕೊಡವೂ ಕುಣಿಯುತ್ತೆ. ಒಳಗೆ ಹನಿ ನೀರಿಲ್ಲ. ಅಜ್ಜಿ ಕಟ್ಟೆ ಹತ್ತಿರ ಬಂದು, "ಹಗ್ಗಾನ ಓರೆಯಾಗಿ ಒಂದು ಸಲ ಜಗ್ಗು ಮಗ, ತಾನೇ ಮುಳುಗ್ತದೆ" ಅಂದರು. ಜಗ್ಗಿದೆ. ಕೊಡ ವಾಲಿತು, ಗುಳುಗುಳು ಅಂತ ಗಾಳಿ ಬಿಟ್ಟಿತು, ನೀರು ಕುಡಿಯಿತು, ಮುಳುಗಿತು. ಖುಷಿಯಲ್ಲಿ ಹಗ್ಗ ಬಿಟ್ಟುಬಿಟ್ಟೆ! ಕೊಡ ತಳಕ್ಕೆ ಹೋಯಿತು. ಅದನ್ನು ಎತ್ತೋಕೆ ಪಾತಾಳಗರಡಿ ತರಿಸಬೇಕಾಯಿತು. ಅಜ್ಜಿ ಬಯ್ಯಲಿಲ್ಲ. "ಮುಳುಗ್ಸೋಕೆ ಕಲ್ತೆ, ಎತ್ತೋದು ಯಾರು?" ಅಂದರು. ನಾನು ಇಷ್ಟು ದೂರದಿಂದ ಹೇಳೋಕೆ ಬಂದಿರೋದು ಇದನ್ನೇ. ಏಳುವ ದಾರಿಯನ್ನು ಮೊದಲು ಕಟ್ಟಿ.

ಆಟದಲ್ಲಿ ಕೊಡದ ಹಾಗೆ ನೀರು ತುಂಬಿಸಲು ಬರುವುದಿಲ್ಲ. ಅದಿರು ತುಂಬಬೇಕು. ದೊಡ್ಡ ಅದಿರು ಟ್ಯಾಂಕ್ ಖಾಲಿ ಇದ್ದಾಗ 2 ಟನ್, ತುಂಬಿದಾಗ 17 ಟನ್. ರಾಕೆಟ್ ಮಾಡುವವರು ಒಂದೊಂದು ಕಿಲೋಗೂ ಒದ್ದಾಡುತ್ತಾರೆ. ಈ 15 ಟನ್ನನ್ನು ಜೂಲ್‌ವರೆಗೆ ಹೊತ್ತು ಒಯ್ಯಬೇಕಾ? ಬೇಡ. ಖಾಲಿ ಟ್ಯಾಂಕ್ ಒಯ್ಯಿರಿ. ಲೇಥ್‌ನ ದಂಡೆಯಲ್ಲಿ ಇಳಿದು, ಕೊರೆದು, ಅಲ್ಲೇ ತುಂಬಿಕೊಳ್ಳಿ. ಈ ಯೋಚನೆ ಹತ್ತನೇ ಕ್ಲಾಸಿನ ಹುಡುಗಿಯದು. ನನಗೆ ಹೊಳೆದಿರಲಿಲ್ಲ.

ಅವಳ ಜೊತೆ ಇನ್ನೊಬ್ಬ ವಾದಕ್ಕೆ ಬಂದ. "ಲೇಥ್‌ನಲ್ಲಿ ಗುರುತ್ವ ಭೂಮಿಯ 0.8 ಪಟ್ಟು ಅಷ್ಟೇ. ಭಾರ ಜಾಸ್ತಿ ಬೇಕಲ್ವಾ ಸಾರ್?" ಒಳ್ಳೆ ಪ್ರಶ್ನೆ. ಗುರುತ್ವ ಇಳಿದು ವಾಹನದ ತೂಕ ಕಡಿಮೆಯಾದರೆ ಅದು ಪಕ್ಕಕ್ಕೆ ತಳ್ಳಿದ ನೀರಿನ ತೂಕವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತೆ. ನೀರಿಗಿಂತ ಸಾಂದ್ರವಾದದ್ದು ಎಲ್ಲಿ ಹೋದರೂ ಮುಳುಗುತ್ತೆ. ಗುರುತ್ವ ಬದಲಾದರೆ ಬದಲಾಗುವುದು ಒತ್ತಡ. ಅಲ್ಲಿ ಅದೇ ಆಳದಲ್ಲಿ ನೀರಿನ ಒತ್ತಡ ಕಡಿಮೆ.

ಎರಡನೇ ವಾಹನಕ್ಕೆ ಭಾರವೆಲ್ಲ ಹಿಂದೆ ಬಿತ್ತು. ಒನಕೆ ಹಾಗೆ ನೆಟ್ಟಗೆ ನಿಂತಿತು. ತಲಕಾಡಿನಲ್ಲಿ ಹರಿಗೋಲು ಹತ್ತಿದವರಿಗೆ ಗೊತ್ತು, ಅಂಬಿಗ ಎಲ್ಲರನ್ನೂ ಕೂರಿಸ್ತಾನೆ. ಭಾರ ಕೆಳಗಿರಬೇಕು. ನೀರೊಳಗೆ ಹೋಗುವ ವಾಹನಕ್ಕೆ ತೇಲುವ ಭಾಗ ಮೇಲೆ, ಅದಿರು ಕೆಳಗೆ ಮತ್ತು ನಡುವೆ.

ಮೂರನೆಯದು ಚೆನ್ನಾಗಿ ಮುಳುಗಿತು. ತಳ ಮುಟ್ಟಿತು, ಚಕ್ರದ ಮೇಲೆ ಓಡಾಡಿತು. ಎಲ್ಲರೂ ಚಪ್ಪಾಳೆ. ದೀಪ ಉರಿಸಿದರು, ಸುತ್ತಿಸಿದರು, ಫೋಟೋ ತೆಗೆದರು. ಬ್ಯಾಟರಿ ಮುಗಿಯಿತು. ಅದಿರಿನ ಟ್ಯಾಂಕ್ ಕಳಚಿಕೊಳ್ಳೋಕೆ ಡಿಕಪ್ಲರ್ ಅನ್ನೋ ಭಾಗ ಇತ್ತು. ಆದರೆ ಒಳಗೆ ಯಾರೂ ಇಲ್ಲದ ವಾಹನ. ಕರೆಂಟ್ ಇಲ್ಲದೆ ಅದು ಯಾವ ಮಾತೂ ಕೇಳುವುದಿಲ್ಲ. ಅಲ್ಲೇ ಉಳಿಯಿತು. ಅಜ್ಜಿಯ ಮಾತೇ ಬಂತು ನೋಡಿ, ಎತ್ತೋದು ಯಾರು?

1960ರ ಜನವರಿ 23ರಂದು ಝಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ಟ್ರೀಯೆಸ್ಟ್‌ ವಾಹನದಲ್ಲಿ ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತಳಕ್ಕೆ ಹೋದರು. ಸುಮಾರು 10,900 ಮೀಟರ್. ಇಳಿಯೋಕೆ ಹತ್ತಿರ ಹತ್ತಿರ 5 ಗಂಟೆ, ತಳದಲ್ಲಿದ್ದದ್ದು ಸುಮಾರು 20 ನಿಮಿಷ. ತೇಲಿಸೋಕೆ ಮೇಲೆ ಪೆಟ್ರೋಲ್ ತುಂಬಿದ ತೊಟ್ಟಿ. ಪೆಟ್ರೋಲ್ ನೀರಿಗಿಂತ ಹಗುರ, ಗಾಳಿಯ ಹಾಗೆ ಕುಗ್ಗಿಬಿಡುವುದಿಲ್ಲ. ಭಾರಕ್ಕೆ ಕಬ್ಬಿಣದ ಗುಂಡುಗಳು. ಆ ಗುಂಡುಗಳನ್ನು ಹಿಡಿದದ್ದು ವಿದ್ಯುತ್ ಆಯಸ್ಕಾಂತ. ಕರೆಂಟ್ ಹೋದರೆ ಹಿಡಿತ ಬಿಟ್ಟು ಗುಂಡು ತಾನೇ ಉದುರುತ್ತೆ, ವಾಹನ ತಾನೇ ಏಳುತ್ತೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಟ್ಟರೆ ಏಳುವ ಹಾಗೆ ಕಟ್ಟಿದ್ದಾರೆ!

ಆಟದಲ್ಲಿ ಆ ಆಯಸ್ಕಾಂತ ಸಿಗಲ್ಲ. ಒಂದು ಬ್ಯಾಟರಿಯನ್ನು ಮೊದಲೇ ಬಂದ್ ಮಾಡಿ ಇಡಬಹುದು. ಉಳಿದದ್ದೆಲ್ಲ ಮುಗಿದ ಮೇಲೆ ಅದನ್ನು ತೆರೆದು ಟ್ಯಾಂಕ್ ಕಳಚಬೇಕು. ಆ ಬ್ಯಾಟರಿ ಫೋಟೋಗೂ ಅಲ್ಲ, ದೀಪಕ್ಕೂ ಅಲ್ಲ. ಏಳೋಕೆ ಮಾತ್ರ.

ಚೀಟಿ ಬಂತು, ಐದು ನಿಮಿಷ ಅಂತೆ. ಒತ್ತಡದ ಬಗ್ಗೆ ಅರ್ಧ ಗಂಟೆ ಹೇಳಬೇಕು ಅಂತ ಬರೆದುಕೊಂಡಿದ್ದೆ. ಚಿಕ್ಕದಾಗಿ ಹೇಳ್ತೀನಿ. ನಮ್ಮ ಕೆಆರ್‌ಎಸ್‌ ತುಂಬಿದರೆ 124.8 ಅಡಿ, ಇಲ್ಲಿ ಮಕ್ಕಳಿಗೂ ಬಾಯಿಪಾಠ. ಅಷ್ಟು ಆಳದ ನೀರು ಗಾಳಿಯ ಒತ್ತಡದ ಸುಮಾರು ನಾಲ್ಕು ಪಟ್ಟು ಒತ್ತುತ್ತೆ. ನಮ್ಮ ದೇಶದ ಆಳಸಮುದ್ರದ ವಾಹನ ಮತ್ಸ್ಯ-6000 ಮೂವರನ್ನು ಕರೆದುಕೊಂಡು ಹೋಗಬೇಕಾದ 6,000 ಮೀಟರಿನಲ್ಲಿ ಅದು ಸುಮಾರು 600 ಪಟ್ಟು. ಅದಕ್ಕೇ ಟೈಟಾನಿಯಂ ಗೋಳ. ಆಟದಲ್ಲಿ ವಾಹನದ ಭಾಗಗಳು ತಡೆಯುವ ಒತ್ತಡದ ಮಿತಿಯನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ದಯವಿಟ್ಟು ಆನ್ ಮಾಡಿ.

ಗುರುಗ್ರಹದ ಚಂದ್ರ ಯುರೋಪಾ ಬಗ್ಗೆಯೂ ಇತ್ತು, ಬಿಡ್ತೀನಿ.

ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ನಾಲ್ಕನೆಯದನ್ನು ಇಳಿಸುತ್ತೇವೆ, ಹಳೆಯದು ಕೂತಿರೋ ಜಾಗದ ಪಕ್ಕದಲ್ಲೇ. ಬಂದ್ ಮಾಡಿದ ಬ್ಯಾಟರಿ ಯಾವುದು ಅಂತ ತೋರಿಸಿದ ಮೇಲೇ ನೀರಿಗೆ ಬಿಡೋದು. ಬರುವವರು ಹೊರಗೆ ಹಾಳೆಯಲ್ಲಿ ಹೆಸರು ಬರೆಯಿರಿ.