ಓದು ನಿಂತುಹೋಗಿದೆಯಾ? ಈ ಪುಸ್ತಕ ಹಿಡಿಯಿರಿ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಓದು ನಿಂತುಹೋದವರ ಬಗ್ಗೆ. ಮೊದಲು ಚೆನ್ನಾಗಿ ಓದುತ್ತಿದ್ದವರು, ಈಗಲೂ ಪುಸ್ತಕ ಕೊಳ್ಳುವವರು, ತಂದಿಟ್ಟದ್ದನ್ನು ನೋಡಿ ಖುಷಿಪಡುವವರು, ಆದರೆ ಎರಡು ಪುಟ ಆಗುವಷ್ಟರಲ್ಲಿ ಮನಸ್ಸು ಎಲ್ಲೆಲ್ಲೋ ಹೋಗಿ ಪುಸ್ತಕ ಮಡಚಿಡುವವರು. ರೀಡಿಂಗ್ ಸ್ಲಂಪ್ ಅಂತಾರಲ್ಲ, ಅದೇ.

ಇದಕ್ಕೆ ಎಲ್ಲರೂ ಕೊಡುವ ಸಲಹೆ ಒಂದೇ: ಪತ್ತೇದಾರಿ ಕಾದಂಬರಿ ಹಿಡಿ, ತಾನಾಗಿ ಓದಿಸಿಕೊಂಡು ಹೋಗುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಗುವವರೆಗೆ ರಾತ್ರಿ ಎದ್ದು ಕೂತು ಓದುತ್ತೇವೆ, ನಿಜ. ಗೊತ್ತಾದ ಮೇಲೆ? ಮುಂದಿನ ಪುಸ್ತಕಕ್ಕೆ ಕೈ ಹೋಗುವುದೇ ಇಲ್ಲ. ನಮಗೆ ಬೇಕಾಗಿದ್ದು ಒಂದು ಪುಸ್ತಕ ಮುಗಿಸುವುದಲ್ಲ, ಓದುವ ಆಸೆ ವಾಪಸ್ ಬರುವುದು. ಅದನ್ನು ತರುವುದು ಬರೆದವರ ದನಿ. ಇವರು ಹೀಗೇ ಮಾತಾಡುತ್ತಾ ಇರಲಿ, ನಾನು ಕೇಳುತ್ತಾ ಇರುತ್ತೇನೆ ಅನ್ನಿಸಬೇಕು. ಅಂಥ ದನಿ ಇರುವ ಪುಸ್ತಕ ಹುಡುಕಿ. ಕಥೆ ಮೊದಲೇ ಗೊತ್ತಿದ್ದರೂ ಪರವಾಗಿಲ್ಲ.

ಅದಕ್ಕೂ ಮುಂಚೆ ಒಂದು ಕೆಲಸ ಇದೆ. ಮಂಚದ ಪಕ್ಕ ಅರ್ಧ ಓದಿದ ದಪ್ಪ ಪುಸ್ತಕ ಒಂದು ಇರುತ್ತದೆ, ಅಲ್ವಾ? ಬಹಳ ಜನರ ವಿಷಯದಲ್ಲಿ ಅದು ‘ಮಲೆಗಳಲ್ಲಿ ಮದುಮಗಳು’. ನಾಯಿಗುತ್ತಿ ತನ್ನ ನಾಯಿ ಹುಲಿಯನ ಜೊತೆ ಹೊರಟಾಗ ನೀವೂ ಹೊರಟಿದ್ದಿರಿ, ಸುಮಾರು ದೂರ ಹೋದಿರಿ, ನಡುವೆ ಆಫೀಸು, ಮದುವೆ, ಜ್ವರ ಏನೋ ಬಂತು. ಎರಡು ವಾರ ಬಿಟ್ಟು ತೆಗೆದರೆ ಯಾರು ಯಾವ ಮನೆಯವರು, ಯಾರ ತಂಗಿ ಯಾರು, ಒಂದೂ ನೆನಪಿಲ್ಲ. 1967ರಲ್ಲಿ ಬಂದ ಆ ಕಾದಂಬರಿ ಜನರಿಂದ ತುಂಬಿಹೋಗಿದೆ, ದಿನಾ ಸ್ವಲ್ಪ ಓದದಿದ್ದರೆ ಕೈತಪ್ಪಿಹೋಗುತ್ತದೆ. ಅದನ್ನು ಮುಗಿಸದೆ ಬೇರೆ ಪುಸ್ತಕ ಮುಟ್ಟಬಾರದು ಅಂತ ನಿಮಗೆ ನೀವೇ ಹಾಕಿಕೊಂಡ ನಿಯಮವೇ ನಿಮ್ಮ ಓದನ್ನು ನಿಲ್ಲಿಸಿದೆ. ತೆಗೆದು ಕಪಾಟಿನಲ್ಲಿಡಿ. ಕುವೆಂಪು ಎಲ್ಲೂ ಹೋಗುವುದಿಲ್ಲ.

ಈಗ ಪುಸ್ತಕಗಳಿಗೆ ಬರೋಣ. ಯಾರು ಕೇಳಿದರೂ ನಾನು ಮೊದಲು ಹೇಳುವುದು ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಸಣ್ಣ ಕಾದಂಬರಿ. ಇದನ್ನು ಓದಿಲ್ಲದವರಿಗೂ ಹೇಳುತ್ತೇನೆ, ಹತ್ತು ಸಲ ಓದಿದವರಿಗೂ ಹೇಳುತ್ತೇನೆ. ಶುರುವಾಗುವುದು ಎಲ್ಲಿ? ಮೂಡಿಗೆರೆಯ ಜೇನು ಸೊಸೈಟಿಯಲ್ಲಿ. ಜೇನುತುಪ್ಪ ಕೊಳ್ಳಲು ಹೋದ ಒಬ್ಬ ರೈತ, ಅಲ್ಲಿ ಮಂದಣ್ಣ ಅನ್ನುವ ಹುಡುಗ, ಅದೂ ಇದೂ ಮಾತು. ಪೀಠಿಕೆ ಇಲ್ಲ, ಬೆಟ್ಟದ ವರ್ಣನೆ ಇಲ್ಲ, ಸೂರ್ಯೋದಯ ಇಲ್ಲ. ಪಕ್ಕದಲ್ಲಿ ಕೂತವರು ನಿನ್ನೆ ಹೀಗಾಯ್ತು ಮಾರಾಯ್ರೇ ಅಂತ ಶುರು ಮಾಡಿದ ಹಾಗೆ ಇರುತ್ತದೆ. ಆಮೇಲೆ ಮಂದಣ್ಣನ ಮದುವೆ, ಕಳ್ಳಭಟ್ಟಿ ಕೇಸು, ಮರ ಹತ್ತುವುದರಲ್ಲಿ ನಿಸ್ಸೀಮನಾದ ಬಿರಿಯಾನಿ ಕರಿಯಪ್ಪ, ಕಿವಿ ಅನ್ನುವ ನಾಯಿ, ಇವರ ನಡುವೆ ಒಬ್ಬ ದೊಡ್ಡ ವಿಜ್ಞಾನಿ. ಇಷ್ಟು ದೊಡ್ಡ ಮನುಷ್ಯ ಈ ಮಂದಣ್ಣನ ಹಿಂದೆ ಯಾಕೆ ಬಿದ್ದಿದ್ದಾರೆ ಅಂತ ಆ ರೈತನಿಗೂ ಅರ್ಥವಾಗುವುದಿಲ್ಲ, ನಮಗೂ ಆಗುವುದಿಲ್ಲ. ನಗುತ್ತಾ ನಗುತ್ತಾ ಹೋಗಿ, ಯಾವಾಗ ಹಾರುವ ಓತಿಯೊಂದರ ಹಿಂದೆ ದಟ್ಟ ಕಾಡಿನೊಳಗೆ ಬಂದೆವು, ಯಾವಾಗ ಜೀವವಿಕಾಸದ ಬಗ್ಗೆ ಯೋಚಿಸಲು ಶುರು ಮಾಡಿದೆವು ಅನ್ನುವುದೇ ತಿಳಿಯುವುದಿಲ್ಲ. ಕೊನೆ ಗೊತ್ತಿದ್ದೂ ನಾನು ಮತ್ತೆ ಮತ್ತೆ ಓದುತ್ತೇನೆ. ಮಂದಣ್ಣನ ಮಾತು ಕೇಳಬೇಕು ಅಷ್ಟೇ.

ಕಾದಂಬರಿಯೇ ಬೇಡ, ಅಷ್ಟು ತಾಳ್ಮೆ ಈಗ ಇಲ್ಲ ಅನ್ನುವವರು ತೇಜಸ್ವಿಯವರದೇ ‘ಪರಿಸರದ ಕಥೆ’ ತೆಗೆದುಕೊಳ್ಳಿ. ಎಲ್ಲಿಂದ ಬೇಕಾದರೂ ಓದಬಹುದು.

ಇನ್ನೊಂದು ಪುಸ್ತಕದ ಹದವೇ ಬೇರೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಸಂಜೆ ಕೂತರೆ ಮಲಗುವಷ್ಟರಲ್ಲಿ ಮುಗಿಯುತ್ತದೆ. ಒಬ್ಬ ಮನುಷ್ಯ ಕಾಫಿ ಹೌಸಿನಲ್ಲಿ ಕೂತಿದ್ದಾನೆ, ವಿನ್ಸೆಂಟ್ ಅನ್ನುವ ವೇಟರ್ ಇದ್ದಾನೆ, ಮನೆಗೆ ಹೋಗುವುದನ್ನು ಮುಂದೂಡುತ್ತಾ ಮನೆಯ ಕಥೆ ಹೇಳುತ್ತಾನೆ. ಸಣ್ಣ ಬಾಡಿಗೆ ಮನೆ, ಅಪ್ಪನ ಸಂಬಳ, ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರ, ದುಡ್ಡು. ನನಗೆ ಇಡೀ ಪುಸ್ತಕದಲ್ಲಿ ಬಹಳ ಇಷ್ಟವಾದದ್ದು ಆ ಹಳೇ ಮನೆಯ ಇರುವೆಗಳು. ಅವುಗಳ ಮೇಲೆ ಮನೆಯವರು ಸಾರುವ ಯುದ್ಧ. ಮೊದಲು ಬರೀ ಕಾಟ ತಡೆಯುವುದಕ್ಕೆ ಕೊಲ್ಲುತ್ತಾರೆ, ಬರುಬರುತ್ತಾ ಆ ಕೊಲ್ಲುವುದರಲ್ಲೇ ಒಂದು ಖುಷಿ ಬರುತ್ತದೆ. ಅದನ್ನು ಓದುವಾಗ ನಮ್ಮ ನಿಮ್ಮ ಅಡುಗೆಮನೆ ಕಣ್ಣೆದುರು ಬರುತ್ತದೆ, ಒಂಥರಾ ಭಯವೂ ಆಗುತ್ತದೆ. ದನಿ ಎತ್ತರಿಸದೆ, ಸಮಾಧಾನವಾಗಿ ಮಾತಾಡುತ್ತಲೇ ಎದೆ ಹಿಂಡುವ ಪುಸ್ತಕ. ಮುಗಿಸಿದ ಮೇಲೆ ಯಾರಿಗಾದರೂ ಫೋನ್ ಮಾಡಿ ಹೇಳಬೇಕು ಅನ್ನಿಸುತ್ತದೆ, ಆ ಆಸೆ ಬಂದರೆ ಅರ್ಧ ಕೆಲಸ ಆಯಿತು.

ಸಣ್ಣದು ಅಂದಾಕ್ಷಣ ಹಗುರ ಅಂದುಕೊಳ್ಳಬೇಡಿ. ದೇವನೂರ ಮಹಾದೇವರ ‘ಒಡಲಾಳ’ ಬಹಳ ಚಿಕ್ಕದು. ಸಾಕವ್ವನ ಹುಂಜ ಕಳೆದುಹೋಗಿದೆ, ಆಕೆ ಇಡೀ ಊರು ಕೇಳುವ ಹಾಗೆ ಬೈಯುತ್ತಾ ಹುಡುಕುತ್ತಿದ್ದಾಳೆ. ಆ ಮನೆಯವರೆಲ್ಲ ರಾತ್ರಿ ಒಲೆಯ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುವ ಭಾಗ ಇದೆಯಲ್ಲ, ಸುಲಿದ ಸಿಪ್ಪೆ ಬೆಂಕಿಗೆ ಬೀಳುತ್ತಾ ಇರುತ್ತದೆ, ಮಕ್ಕಳು ಮರಿ ಎಲ್ಲ ತಿನ್ನುತ್ತಾ ಇರುತ್ತಾರೆ, ಹಸಿವು ಮತ್ತು ಹಬ್ಬ ಎರಡೂ ಒಂದೇ ಜಾಗದಲ್ಲಿ. ಭಾಷೆ ಮೈಸೂರು ಸೀಮೆಯ ಆಡುಮಾತು. ಶುರುವಿನಲ್ಲಿ ಕಷ್ಟ ಅನ್ನಿಸಿದರೆ ಬಾಯಿಬಿಟ್ಟು ಓದಿ. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ.

ಬಾಯಿಬಿಟ್ಟು ಓದುವ ಮಾತು ಬಂತು, ಹಾಗಾಗಿ ನಾಟಕ. ಓದು ನಿಂತವರಿಗೆ ನಾಟಕ ಹೇಳುವವರೇ ಇಲ್ಲ, ಯಾಕೋ ಗೊತ್ತಿಲ್ಲ. ಬರೀ ಮಾತು, ಸಣ್ಣ ಸಣ್ಣ ಸಾಲು, ಪುಟ ಬೇಗ ಬೇಗ ತಿರುಗುತ್ತದೆ. ಗಿರೀಶ ಕಾರ್ನಾಡರ ‘ತುಘಲಕ್’ ತೆಗೆದುಕೊಂಡು ಮನೆಯಲ್ಲಿ ಇಬ್ಬರು ಪಾತ್ರ ಹಂಚಿಕೊಂಡು ಓದಿ ನೋಡಿ. ಸುಲ್ತಾನ ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಸಾಗಿಸುವ ದೊಡ್ಡ ಕಥೆ ಒಂದು ಕಡೆ, ಅವನ ಒಂದೊಂದು ಒಳ್ಳೆ ಕಾನೂನಿನಲ್ಲೂ ದುಡ್ಡು ಮಾಡುವ ದಾರಿ ಹುಡುಕುವ ಅಗಸ ಅಜೀಜ್ ಇನ್ನೊಂದು ಕಡೆ. 1964ರ ನಾಟಕ, ಇವತ್ತಿನ ಪೇಪರ್ ಓದಿದ ಹಾಗೇ ಇದೆ. ಅಜೀಜನ ಪಾತ್ರಕ್ಕೆ ಜಗಳ ಆಗುತ್ತದೆ, ಮೊದಲೇ ಹೇಳಿರುತ್ತೇನೆ.

ಮನಸ್ಸು ಸರಿಯಿಲ್ಲದೆ ಓದು ನಿಂತಿದ್ದರೆ ಇವು ಯಾವುವೂ ಬೇಡ. ವಸುಧೇಂದ್ರರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ತನ್ನಿ. ಪ್ರಬಂಧಗಳು, ದಿನಕ್ಕೊಂದು ಸಾಕು. ಇಲ್ಲ, ಮುಂಬಯಿಯ ಜನಜಂಗುಳಿಯಲ್ಲಿ ಕಳೆದುಹೋಗಬೇಕು ಅನ್ನಿಸಿದರೆ ಜಯಂತ ಕಾಯ್ಕಿಣಿ. ‘ದಗಡೂ ಪರಬನ ಅಶ್ವಮೇಧ’ದಲ್ಲಿ ಮದುಮಗನನ್ನು ಹೊತ್ತ ಕುದುರೆ ದಿಬ್ಬಣ ಬಿಟ್ಟು ಓಡಿಹೋಗುತ್ತದೆ. ಅದೊಂದೇ ಕಥೆ ಓದಿ ಪುಸ್ತಕ ಮುಚ್ಚಿದರೂ ಆ ದಿನದ ಓದು ಆಯಿತು.

ಓದುವ ಅಭ್ಯಾಸ ಬೆಳೆಸಿಕೊಳ್ಳುವುದು ಹೇಗೆ ಅಂತ ಹೇಳಿಕೊಡುವ ಪುಸ್ತಕ ಮಾತ್ರ ದಯವಿಟ್ಟು ಕೊಳ್ಳಬೇಡಿ. ಅದನ್ನು ಓದುವ ಹೊತ್ತಿನಲ್ಲಿ ಒಂದು ಕಥೆ ಮುಗಿಯುತ್ತದೆ.

ಇನ್ನೊಂದು ವಿಷಯ ಇದೆ, ಇದು ಸ್ವಲ್ಪ ಗಂಭೀರವಾಗಿ ಕೇಳಿ. ನಿಮ್ಮ ಮನೆಯಲ್ಲೂ ಓದು ಬಿಟ್ಟ ಹಿರಿಯರು ಇರಬಹುದು. ಒಂದು ಕಾಲಕ್ಕೆ ವಾರಪತ್ರಿಕೆ ಬರುವುದನ್ನೇ ಕಾಯುತ್ತಿದ್ದವರು, ಧಾರಾವಾಹಿ ಕಂತುಗಳನ್ನು ಕತ್ತರಿಸಿ ಹೊಲಿದಿಟ್ಟವರು, ತ್ರಿವೇಣಿ, ಎಂ.ಕೆ. ಇಂದಿರಾ ಎಲ್ಲ ಓದಿ ಮುಗಿಸಿದವರು. ಈಗ ಇಡೀ ದಿನ ಟಿವಿ ಮುಂದೆ. ಅವರಿಗೆ ಆಸಕ್ತಿ ಹೋಗಿದೆ ಅಂದುಕೊಂಡು ನಾವು ಸುಮ್ನೆ ಇದ್ದುಬಿಡುತ್ತೇವೆ. ಬಹಳ ಸಲ ಹೋಗಿರುವುದು ಕಣ್ಣು. ಚಾಳೀಸಿನ ನಂಬರ್ ಬದಲಾಗಿರುತ್ತದೆ, ಇಲ್ಲವೇ ಪೊರೆ ಬಂದಿರುತ್ತದೆ, ಹಳೇ ಮುದ್ರಣದ ಸಣ್ಣ ಅಕ್ಷರದಲ್ಲಿ ಒತ್ತು ಯಾವುದು, ದೀರ್ಘ ಯಾವುದು ಅಂತ ಕಾಣುವುದಿಲ್ಲ, ಕಾಣುತ್ತಿಲ್ಲ ಅಂತ ಹೇಳಿಕೊಳ್ಳಲು ಸಂಕೋಚ. ಮೊದಲು ಕಣ್ಣು ತೋರಿಸಿಕೊಂಡು ಬನ್ನಿ. ಆಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾದ ಪ್ರತಿ ಹುಡುಕಿ ಗೊರೂರರ ‘ಹಳ್ಳಿಯ ಚಿತ್ರಗಳು’ ತಂದುಕೊಡಿ. 1930ರ ಪುಸ್ತಕ, ನಿಮ್ಮ ಹಿರಿಯರು ಕಂಡ, ಅಥವಾ ಅವರ ಅಪ್ಪ ಅಮ್ಮ ಹೇಳಿದ ಹಳ್ಳಿ ಅದರಲ್ಲಿ ಇದೆ. ಕೈಗೆ ತೆಗೆದುಕೊಳ್ಳದಿದ್ದರೆ ನೀವೇ ಪಕ್ಕದಲ್ಲಿ ಕೂತು ಒಂದು ಪ್ರಬಂಧ ಓದಿ ಹೇಳಿ. ನಡುವೆ ತಡೆದು, ನಮ್ಮೂರಲ್ಲೂ ಹೀಗೇ ಒಬ್ಬರಿದ್ದರು ಅಂತ ಅವರು ಶುರು ಮಾಡಿದರೆ, ಪುಸ್ತಕ ಪಕ್ಕಕ್ಕಿಟ್ಟು ಕೇಳಿ.